ಮಹಾರಾಜರಿಗೆ ತಪ್ಪಿಹೋದ ಕೆಲಸ

ನಮ್ಮ ಸಕಲೇಶಪುರದ ಮಳೆಗೂ ಪಿಯಾನೋಗೂ ಆಗಿಬರುವುದಿಲ್ಲ. ಬೀರುವಿನಲ್ಲಿ ಮಡಿಸಿಟ್ಟ ರೇಷ್ಮೆ ಸೀರೆಗೇ ಬೂಷ್ಟು ಹಿಡಿಯುವ ಊರಿದು. ಇಲ್ಲಿಗೆ ಇನ್ನೂರಕ್ಕೂ ಹೆಚ್ಚು ಉಕ್ಕಿನ ತಂತಿ, ಉಣ್ಣೆ ಸುತ್ತಿದ ಸುತ್ತಿಗೆಗಳು, ತೆಳು ಹಲಗೆ, ಒಂದಿಷ್ಟು ಅಂಟು ಸೇರಿಸಿ ಮಾಡಿದ ವಾದ್ಯವನ್ನು ಹೇರಿಕೊಂಡು ಬಂದ ಬಿಳಿ ದೊರೆಗಳ ಧೈರ್ಯ ಮೆಚ್ಚಬೇಕು. 1893ರಲ್ಲೇ ಮಂಜರಾಬಾದ್ ಕ್ಲಬ್ ಕಟ್ಟಿಕೊಂಡ ಜನ ಅವರು. ಬಿಲಿಯರ್ಡ್ಸ್ ಒಗ್ಗಿತು, ವಿಸ್ಕಿಯಂತೂ ಚೆನ್ನಾಗಿಯೇ ಒಗ್ಗಿತು. ಪಿಯಾನೋ ಮಾತ್ರ ಒಗ್ಗಲಿಲ್ಲ.

ನಾನು ಹುಡುಗನಾಗಿದ್ದಾಗ ಬಾಳ್ಳುಪೇಟೆ ಕಡೆಯ ತೋಟದ ಬಂಗಲೆಯೊಂದರಲ್ಲಿ ಅಂಥದೊಂದು ಉಳಿದಿತ್ತು. ಅದರ ಮೇಲೆ ರೈಟರು ಆಳುಗಳ ಹಾಜರಿ ಪುಸ್ತಕ, ಕಾಫಿ ಬೀಜದ ಸ್ಯಾಂಪಲ್ ಬಟ್ಟಲು ಇಡುತ್ತಿದ್ದರು. ಬೀಜದ ತೇವ ಎಷ್ಟೆಂದು ದಿನಾ ವಿಚಾರಿಸುವ ಮನೆಯಲ್ಲಿ ಪಿಯಾನೋದ ತೇವ ಕೇಳುವವರಿರಲಿಲ್ಲ. ಮುಚ್ಚಳ ಎತ್ತಿದರೆ ನುಸಿಗುಳಿಗೆಯ ವಾಸನೆ. ನಡುವಿನ ಮನೆಗಳನ್ನು (ಕೀಗಳನ್ನು) ಒತ್ತಿದರೆ ಒತ್ತಿದ್ದು ಒತ್ತಿದಂತೆಯೇ. ಉಗುರು ಹಾಕಿ ಎಬ್ಬಿಸಬೇಕು. ಒಳಗೆ ಇಲಿಯೊಂದು ಕೆಂಪು ಉಣ್ಣೆ ಕಿತ್ತು, ತೆಂಗಿನ ನಾರು ಸೇರಿಸಿ, ಬಾಣಂತನಕ್ಕೆ ಬೇಕಾದ ಹಾಗೆ ಕೋಣೆ ಸಿದ್ಧಪಡಿಸಿಕೊಂಡಿತ್ತು. ಒಂದು ಸಂಜೆ ಯಾರೂ ಇಲ್ಲವೆಂದು ನಾನು ಎಡಗಡೆಯ ಕೊಟ್ಟಕೊನೆಯ ಮನೆ ಒತ್ತಿಬಿಟ್ಟೆ. ಗುಂಯ್ ಎಂದು ನೆಲವೇ ಗುನುಗಿದಂಥ ಸದ್ದು. ತೋಟಕ್ಕೆ ಆನೆ ಬಂತೆಂದು ರೈಟರು ಬ್ಯಾಟರಿ ಹಿಡಿದು ಹಿತ್ತಲಿಗೆ ಓಡಿದರು. ಅಲ್ಲಿಗೆ ನನ್ನ ಕಛೇರಿ ಮುಗಿಯಿತು.

ರೈಟರ ಭಯ ಪೂರ್ತಿ ಸುಳ್ಳೇನಲ್ಲ. ಹಳೆಯ ಒಳ್ಳೆಯ ಪಿಯಾನೋಗಳ 52 ಬಿಳಿ ಮನೆಗಳಿಗೆ ಹೊದಿಸುತ್ತಿದ್ದುದು ಆನೆದಂತವನ್ನೇ. ಹೆಚ್ಚಿನದು ಆಫ್ರಿಕಾದಿಂದ ಹೋದದ್ದು. ಹೊರಗೆ ಬದುಕಿರುವ ಆನೆ ಹಲಸಿನ ಮರ ಅಲ್ಲಾಡಿಸುತ್ತಿರುವಾಗ ಒಳಗೆ ಸತ್ತ ಆನೆಯ ದಂತದ ಮೇಲೆ ಬೆರಳಾಡಿಸುತ್ತ ಮೊಜಾರ್ಟ್ ನುಡಿಸಿದ ದೊರೆಸಾನಿಯರೂ ಇಲ್ಲಿದ್ದಿರಬೇಕು. 2014ರಲ್ಲಿ ಆಲೂರು ಸೀಮೆಯಿಂದ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದರು; ಆದರೂ ಆನೆಗಳು ಇವೆ. ಪಿಯಾನೋಗಳು ಯಾರೂ ಹಿಡಿಯದೆಯೇ ಕಾಣೆಯಾದವು.

ಮಂಜರಾಬಾದ್ ಎನಿಸಿಕೊಂಡಿದ್ದ ನಮ್ಮ ಈ ಸಕಲೇಶಪುರ ಸೀಮೆ ಸೇರಿದಂತೆ ಇಡೀ ಮೈಸೂರು ಸೀಮೆಯನ್ನು ಆಳಿದ ಕೊನೆಯ ಅರಸರಿಗೂ ಪಿಯಾನೋ ಹುಚ್ಚಿತ್ತು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಹುಚ್ಚೆಂದರೆ ಊಟದ ನಂತರ ನಾಲ್ಕು ನಿಮಿಷ ನುಡಿಸುವ ಹುಚ್ಚಲ್ಲ. 1919ರಲ್ಲಿ ಹುಟ್ಟಿದ ಜಯಚಾಮರಾಜ ಒಡೆಯರಿಗೆ ವೇದಿಕೆಯ ಪಿಯಾನಿಸ್ಟ್ ಆಗಬೇಕೆಂಬ ಆಸೆ. 1940ರ ಮಾರ್ಚಿನಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರು ಹೋದರು, ಆಗಸ್ಟಿನಲ್ಲಿ ಆಳುತ್ತಿದ್ದ ದೊಡ್ಡಪ್ಪ ನಾಲ್ವಡಿಯವರು ಹೋದರು. 21ರ ಹುಡುಗನಿಗೆ ಪಟ್ಟಾಭಿಷೇಕವಾಯಿತು. ಅಪ್ಪ ತೀರಿಕೊಂಡರೆಂದು ಓದು ಬಿಟ್ಟು ಬಂದು ತೋಟಕ್ಕೆ ಕಟ್ಟುಬಿದ್ದ ಹುಡುಗರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಇವರ ಪಾಲಿಗೆ ಬಂದ ತೋಟ ಸ್ವಲ್ಪ ದೊಡ್ಡದು, ಅಷ್ಟೇ.

ಸಿಂಹಾಸನದ ಮೇಲೆ ಕೂತ ಮೇಲೂ ಅವರು ಕಲಿಯುವುದನ್ನು ಬಿಡಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಆದರು. ಆದರೆ ಮಹಾರಾಜರು ಟಿಕೆಟ್ ಇಟ್ಟು ಕಛೇರಿ ಮಾಡುವುದುಂಟೆ? ತಮಗೆ ಹತ್ತಲಾಗದ ವೇದಿಕೆಗೆ ಬೇರೆಯವರನ್ನು ಹತ್ತಿಸಿದರು. ಆಗ ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಪಿಯಾನಿಸ್ಟ್ ಇದ್ದರು. ಸ್ವತಃ ದೊಡ್ಡ ರಚನಕಾರ, ದೇಶ ಬಿಟ್ಟು ಬಂದವರು. ಮಹಾಯುದ್ಧ ವರಮಾನ ತಿಂದಿತ್ತು, ಆರೋಗ್ಯ ಕೈಕೊಟ್ಟಿತ್ತು. ಒಮ್ಮೆಯೂ ಮೈಸೂರು ಕಾಣದ ಆ ಮುದುಕರ ಕೃತಿಗಳನ್ನು ಅವರ ಬೆರಳಿಂದಲೇ ನುಡಿಸಿ ಎಚ್‌ಎಂವಿ ತಟ್ಟೆಗಿಳಿಸಲು ನಮ್ಮ ಒಡೆಯರು ಹಣ ಕೊಟ್ಟರು, ಮೆಟ್ನರ್ ಸೊಸೈಟಿಯನ್ನೇ ಕಟ್ಟಿಸಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಚೆರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ತೀರಿಕೊಂಡರು.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಚನಕಾರ ರಿಚರ್ಡ್ ಸ್ಟ್ರಾಸ್ ಅವರ ಕಡೆಯ ನಾಲ್ಕು ಹಾಡುಗಳನ್ನು ಗಾಯಕಿ ಕರ್ಸ್ಟೆನ್ ಫ್ಲಾಗ್‌ಸ್ಟಾಡ್ ಮೊದಲ ಬಾರಿಗೆ ಹಾಡಿದಾಗಲೂ ಖರ್ಚಿಗೆ ನಿಂತವರು ಒಡೆಯರೇ. ಸಭೆಯಲ್ಲಿ ಇವರಿರಲಿಲ್ಲ. ಹಾಡಿದ್ದರ ರೆಕಾರ್ಡು ಹಡಗೇರಿ ಮೈಸೂರಿಗೆ ಬಂತು. ದುಡ್ಡು ಕೊಟ್ಟೂ ಕಛೇರಿ ತಪ್ಪಿಸಿಕೊಂಡ ಈ ರಸಿಕರ ಹೊಟ್ಟೆಯುರಿ ಎಷ್ಟಿದ್ದಿರಬಹುದು!

ಆಸೆ ಮನೆಯೊಳಗೇ ಇನ್ನೊಂದು ದಾರಿಯನ್ನೂ ಹುಡುಕಿಕೊಂಡಿತು. ಅವರ ಸಹೋದರಿ ವಿಜಯಾದೇವಿಯವರು ನ್ಯೂಯಾರ್ಕಿಗೇ ಹೋಗಿ ಎಡ್ವರ್ಡ್ ಸ್ಟಾಯರ್‌ಮನ್ ಅವರಲ್ಲಿ ಪಿಯಾನೋ ಕಲಿತರು. ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿ ಕಟ್ಟಿದರು. ಅದು 1974, ಒಡೆಯರು ತೀರಿಕೊಂಡ ವರ್ಷ.

ಒಡೆಯರ ಸಂಗೀತದ ಮಾತೆತ್ತಿದರೆ ನಮ್ಮವರು ತೊಂಬತ್ತನಾಲ್ಕು ಕರ್ನಾಟಕ ಕೃತಿಗಳ ಲೆಕ್ಕ ಕೊಡುತ್ತಾರೆ. ಕೊಡಲಿ, ಕೃತಿಗಳು ಚೆನ್ನಾಗಿವೆ. ಆದರೆ ಅಂಬಾರಿಯ ಮೇಲೆ ನೋಡಿದ ಅರಸರನ್ನು ಪಿಯಾನೋ ಮುಂದಿನ ಸ್ಟೂಲಿನ ಮೇಲೆ ಕೂರಿಸಿ ನೋಡಲು ಏನೋ ಸಂಕೋಚ ನಮಗೆ. ನನ್ನನ್ನು ಕೇಳಿದರೆ, ಪಟ್ಟ ತಪ್ಪಿದ್ದರೆ ಅವರು ಯುರೋಪಿನ ನೂರಾರು ಒಳ್ಳೆಯ ಪಿಯಾನಿಸ್ಟರಲ್ಲಿ ಒಬ್ಬರಾಗುತ್ತಿದ್ದರು. ಮೆಟ್ನರ್ ತಮ್ಮ ಮೂರೂ ಕನ್ಚೆರ್ಟೊಗಳನ್ನು ತಾವೇ ನುಡಿಸಿಟ್ಟು ಹೋಗುತ್ತಿರಲಿಲ್ಲ. ನಷ್ಟ ಯಾರಿಗೆ, ಲಾಭ ಯಾರಿಗೆ ಎಂದು ಒಡೆಯರನ್ನೇ ಕೇಳಬೇಕಿತ್ತು.

ಆ ರೆಕಾರ್ಡುಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ. ಮೂರನೆಯ ಕನ್ಚೆರ್ಟೊ ಮುಗಿಯಲು ಅರ್ಧ ಗಂಟೆಗೂ ಮೇಲೆ ಬೇಕು. ನಮ್ಮ ಕಡೆ ಕರೆಂಟು ಅಷ್ಟು ಹೊತ್ತು ನಿಲ್ಲುವ ಭರವಸೆಯಿಲ್ಲ. ಚಾರ್ಜ್ ಮಾಡಿಟ್ಟುಕೊಂಡು ಕೇಳಿ.