ಚಳಿ ಬೇಡುವ ಬಳ್ಳಿ

ನಮ್ಮ ಮನೆಯಲ್ಲಿ ಕುಡಿಯುವವರು ಯಾರೂ ಇಲ್ಲ. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಈ ಲೇಖನ ಓದಿದ ಮೇಲೆ ಸಂಘದ ಮುಂದಿನ ಕೂಟದಲ್ಲಿ ಹಿರಿಯರು ನಮ್ಮನ್ನು ಬೇರೆ ಕಣ್ಣಿನಿಂದ ನೋಡಬಾರದಲ್ಲ! ನಾವು ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಈ ಹನ್ನೊಂದು ವರ್ಷಗಳಲ್ಲಿ ಕಚೇರಿಯ ಬೀಳ್ಕೊಡುಗೆ ಸಮಾರಂಭಗಳಲ್ಲಿಯೂ ನಾವು ಲಿಂಬೆಹಣ್ಣಿನ ಶರಬತ್ತಿನ ಆಚೆ ಹೋದವರಲ್ಲ. ಅಂಥ ನಾವು ಕಳೆದ ಫೆಬ್ರುವರಿಯಲ್ಲಿ ಅವ್ವನನ್ನು ಕರೆದುಕೊಂಡು ನಾಸಿಕದ ಹತ್ತಿರ ವೈನ್ ತಯಾರಿಸುವ ಒಂದು ಕಾರ್ಖಾನೆಯನ್ನು ನೋಡಿ ಬಂದೆವು.

ಹೋಗಲು ಕಾರಣ ನಮ್ಮ ತಮ್ಮ. ನಮ್ಮ ಊರು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯದು. ಆ ಕಡೆ ದ್ರಾಕ್ಷಿ ಬೆಳೆಯುವುದೆಂದರೆ ಬಹುಮಟ್ಟಿಗೆ ಮನೂಕಕ್ಕಾಗಿ. ನಾಲ್ಕು ಕಿಲೋ ಹಣ್ಣು ಶೆಡ್ಡಿನ ಬಲೆಯ ಮೇಲೆ ಹದಿನೈದು ದಿನ ನೆರಳಿನಲ್ಲಿ ಒಣಗಿದರೆ ಒಂದು ಕಿಲೋ ಮನೂಕ ಆಗುತ್ತದೆ. ಅಪ್ಪನಿಗೆ ಎರಡು ಎಕರೆ ಥಾಮ್ಸನ್ ದ್ರಾಕ್ಷಿಯ ತೋಟವಿತ್ತು. ಒಂದು ವರ್ಷ ಕೊಯ್ಲಿಗೆ ಎಂಟು ದಿನ ಉಳಿದಾಗ ಅಕಾಲದ ಮಳೆ ಬಂತು. ಹಣ್ಣು ನೀರು ಕುಡಿದು ಸೀಳಿದವು. ಸೀಳಿದ ಹಣ್ಣಿಗೆ ಬೂಷ್ಟು ಹಿಡಿಯಿತು. ದರ ಹೇಳಿ ಹೋಗಿದ್ದ ವ್ಯಾಪಾರಿ ಮತ್ತೆ ಮುಖ ತೋರಿಸಲಿಲ್ಲ. ಆ ಸಾಲ ತೀರುವ ಮೊದಲೇ ಅಪ್ಪ ತೀರಿಹೋದರು. ಒಂದು ಎಕರೆ ಮಾರಿ ಸಾಲ ಹರಿಯಿತು. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ್ದ ತಮ್ಮ ಎಲ್ಲೆಲ್ಲೋ ಅರ್ಜಿ ಹಾಕಿ, ಕೊನೆಗೆ ನಾಸಿಕದ ಆ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ಸೇರಿದ.

ಅವ್ವ ಅದನ್ನು 'ಹೆಂಡದ ಮನಿ' ಎಂದು ಕರೆದಳು. ಎರಡು ವರ್ಷ ಅವಳು ತಮ್ಮನ ಕೋಣೆಗೆ ಹೋಗಲಿಲ್ಲ. ಅವನ ಕೈಯ ನೀರು ಮುಟ್ಟಲಿಲ್ಲ. ಅವನು ಹಬ್ಬಕ್ಕೆ ನಮ್ಮಲ್ಲಿಗೆ ಬಂದರೆ ಊಟಕ್ಕೆ ಬಡಿಸುವಳು, ಮಾತಾಡಳು. ಅವನು ಕಳಿಸಿದ ಹಣವನ್ನು ಮಾತ್ರ ಬೇರೆ ಡಬ್ಬಿಯಲ್ಲಿ ಇಟ್ಟಿದ್ದಳು, ಒಂದು ರೂಪಾಯಿ ಖರ್ಚು ಮಾಡದೆ. ಇದರ ಮೇಲೆ ಎರಡು ಹೆಣ್ಣುಗಳ ಸಂಬಂಧ ಬಂದು ತಪ್ಪಿದವು. ಒಬ್ಬ ಬೀಗರಾಗಬೇಕಿದ್ದವರು ಚಹ ಕುಡಿದು, ಕಪ್ಪು ಕೆಳಗಿಟ್ಟು, "ಹುಡುಗ ಚಲೋ ಅದಾನ, ಆದರ ನಾಳೆ ಮಂದಿ ಕೇಳಿದರ ಏನ ಹೇಳೋಣು?" ಎಂದರು. ಆ ಪ್ರಶ್ನೆಗೆ ನಮ್ಮಲ್ಲಿಯೂ ಉತ್ತರವಿರಲಿಲ್ಲ.

ಜಾಣತನ ಮಾಡಿ ಒಮ್ಮೆ ನಾವು ದ್ರಾಕ್ಷಾರಿಷ್ಟದ ಮಾತು ತೆಗೆದೆವು. ಅವ್ವ ಬಾಣಂತಿಯಾದಾಗಿನಿಂದ ನಿಶ್ಶಕ್ತಿಗೆ ಕುಡಿಯುತ್ತ ಬಂದ ಔಷಧ ಅದು. ಅದರಲ್ಲಿಯೂ ದ್ರಾಕ್ಷಿಯೇ ಹುಳಿತು ತಾನಾಗಿ ಮದ್ಯಾಂಶ ಹುಟ್ಟುತ್ತದೆ, ಬಾಟಲಿಯ ಮೇಲೆ ಹಾಗೆಂದು ಬರೆದೂ ಇದೆ ಎಂದು ತೋರಿಸಿದೆವು. ಅವ್ವ ಕನ್ನಡಕ ಏರಿಸಿ ಓದಿ, "ಔಷಧ ಔಷಧ, ಹೆಂಡ ಹೆಂಡ" ಎಂದು ಬಾಟಲಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಪುಸ್ತಕದ ವಾದಗಳಿಂದ ತಾಯಂದಿರನ್ನು ಗೆದ್ದವರು ಯಾರೂ ಇಲ್ಲ.

ಕೊನೆಗೆ ತ್ರ್ಯಂಬಕೇಶ್ವರದ ದರ್ಶನ ಎಂಬ ನೆಪ ಮಾಡಿದೆವು. ಪುಣೆಯಿಂದ ನಾಸಿಕಕ್ಕೆ ಇನ್ನೂರು ಕಿಲೋಮೀಟರಿಗೆ ಮೇಲೆ ದಾರಿ; ಚಾಕಣ, ಮಂಚರ, ನಾರಾಯಣಗಾಂವ, ಸಂಗಮನೇರ, ಸಿನ್ನರ. ನಾರಾಯಣಗಾಂವ ದಾಟುವಾಗ ಪಕ್ಕದ ಸೀಟಿನ ಮರಾಠಿ ಗೃಹಸ್ಥರು, 1980ರ ದಶಕದಲ್ಲಿ ಫ್ರೆಂಚ್ ರೀತಿಯಲ್ಲಿ ನೊರೆ ಬರುವ ವೈನ್ ಮಾಡಿ ಪರದೇಶಕ್ಕೆ ಕಳಿಸಿದ ಕಾರ್ಖಾನೆ ಇಲ್ಲಿಯೇ ಇತ್ತು ಎಂದು ಕೈಚಾಚಿ ತೋರಿಸಿದರು. ಅವ್ವ ಕಿಟಕಿಯಿಂದ ಮುಖ ತಿರುಗಿಸಿ ಕಣ್ಣು ಮುಚ್ಚಿಕೊಂಡಳು. ಅವಳ ತೊಡೆಯ ಮೇಲೆ ಬುತ್ತಿಯ ಗಂಟು. ಕಾಲ ಬಳಿ ಪುಣೆಯಿಂದ ತಂದ ನೀರಿನ ಕ್ಯಾನು.

ತಮ್ಮ ಬಸ್ಸಿಗೆ ಬಂದಿದ್ದ. ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿಯೇ ಎಂದು ಸುಳ್ಳು ಹೇಳಿ (ದಾರಿ ಅದಲ್ಲವೇ ಅಲ್ಲ) ಮೊದಲು ತೋಟಕ್ಕೆ ಕರೆದೊಯ್ದ. ಕೊಯ್ಲಿನ ಕಾಲ. ಬೆಳಗಿನ ಎಂಟು ಗಂಟೆಯಾದರೂ ಮೈಮೇಲೆ ಶಾಲು ಬೇಕಾಗಿತ್ತು. ಕೊಯ್ಯುವವರು ನಸುಕಿನಲ್ಲಿಯೇ ಕೆಲಸ ಮುಗಿಸಿ ಬುಟ್ಟಿ ಹೊರಿಸುತ್ತಿದ್ದರು. ಬಿಸಿಲೇರಿದ ಮೇಲೆ ಕೊಯ್ದರೆ ಹಣ್ಣಿನ ಪರಿಮಳ ಹಾರಿಹೋಗುತ್ತದೆಯಂತೆ.

ಅಲ್ಲಿ ಅವ್ವನಿಗೆ ಏನಾಯಿತೋ, ಚಪ್ಪಲಿ ಬಿಟ್ಟು ಸಾಲಿನೊಳಗೆ ಹೋದಳು. ಒಂದು ಗೊನೆಯನ್ನು ಅಂಗೈಯಲ್ಲಿ ಹಿಡಿದು ತೂಗಿದಳು. ಚಿಕ್ಕ ಗೊನೆ, ಗೋಲಿಗಿಂತ ಚಿಕ್ಕ ಹಣ್ಣು, ದಪ್ಪ ಸಿಪ್ಪೆ, ಒಳಗೆ ಬೀಜ.

"ಇದೇನ ಹಣ್ಣೋ? ಯಾರು ತಿಂತಾರ ಇದನ್ನ?"

"ತಿನ್ನೂ ಹಣ್ಣಲ್ಲವ್ವಾ ಇದು. ಶೆನಿನ್ ಬ್ಲಾಂಕ್ ಅಂತಾರ. ಫ್ರಾನ್ಸದೇಶದ್ದು."

"ಅಕ್ಟೋಬರ್ ಚಾಟ್ನಿಗೆ ಎಷ್ಟು ಕಣ್ಣು ಬಿಟ್ಟೀರಿ?"

ಎರಡು ವರ್ಷಗಳ ಮೇಲೆ ಅವಳು ಮಗನಿಗೆ ಕೇಳಿದ ಮೊದಲ ಪ್ರಶ್ನೆ ಇದು. ತಮ್ಮನ ಗಂಟಲು ಕಟ್ಟಿತೆಂದು ನಮಗೆ ತಿಳಿಯಿತು. ನಾವು ಸ್ವಲ್ಪ ಹಿಂದೆ ಉಳಿದೆವು.

ಮುಂದೆ ಅವರಿಬ್ಬರ ಮಾತಿನಿಂದ ನಾವು ತಿಳಿದುಕೊಂಡದ್ದನ್ನು ವಾಚಕರಿಗಾಗಿ ಬರೆಯುತ್ತೇವೆ. ವೈನಿನ ದ್ರಾಕ್ಷಿಯ ತವರು ತಂಪು ನಾಡು. ಜರ್ಮನಿಯ ಮೋಸೆಲ್ ನದಿಯ ದಂಡೆಯಲ್ಲಿ ಕಡಿದಾದ ಗುಡ್ಡದ ಮೇಲೆ ಬಳ್ಳಿ ನೆಡುತ್ತಾರೆ. ಅಲ್ಲಿಯ ಕರಿಯ ಹಾಸುಗಲ್ಲು ಹಗಲಿನ ಬಿಸಿಲನ್ನು ಹೀರಿಟ್ಟುಕೊಂಡು ರಾತ್ರಿ ಬಳ್ಳಿಗೆ ಕಾವು ಕೊಡುತ್ತದೆ. ಅಲ್ಲಿಯ ರೈತನಿಗೆ ಹಣ್ಣು ಪಕ್ವವಾದೀತೇ ಎಂಬ ಚಿಂತೆ. ನಮ್ಮ ರೈತನಿಗೆ ಹಣ್ಣು ಬಹಳ ಬೇಗ ಪಕ್ವವಾದೀತಲ್ಲ ಎಂಬ ಚಿಂತೆ. ಹಣ್ಣಿನಲ್ಲಿ ಸಕ್ಕರೆ ಏರುತ್ತ ಹೋದಂತೆ ಹುಳಿ ಇಳಿಯುತ್ತದೆ. ರಾತ್ರಿ ಸೆಕೆಯಿದ್ದರೆ ಬಳ್ಳಿ ತನ್ನ ಹುಳಿಯನ್ನು ತಾನೇ ಸುಟ್ಟುಕೊಳ್ಳುತ್ತದೆ, ತಂಪಿದ್ದರೆ ಉಳಿಸಿಕೊಳ್ಳುತ್ತದೆ. ಆ ಹುಳಿಯಿಲ್ಲದ ವೈನು ಉಪ್ಪಿಲ್ಲದ ಸಾರು.

ಹಾಗಾದರೆ ನಾಸಿಕದಲ್ಲಿ ಹೇಗೆ? ಇದು ಸಮುದ್ರಮಟ್ಟಕ್ಕಿಂತ ಸುಮಾರು 2000 ಅಡಿ ಎತ್ತರದಲ್ಲಿದ್ದರೂ ತಂಪು ನಾಡೇನಲ್ಲ. ಇಲ್ಲಿ ಉಪಾಯ ಬೇರೆ. ತಂಪು ನಾಡಿನಲ್ಲಿ ಬಳ್ಳಿ ಚಳಿಗಾಲವಿಡೀ ಎಲೆಯುದುರಿಸಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ರೆಯೇ ಇಲ್ಲ. ಆದ್ದರಿಂದ ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಏಪ್ರಿಲಿನಲ್ಲಿ ಕಡ್ಡಿಗಾಗಿ, ಮಳೆ ಹಿಂದಾದ ಮೇಲೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಹಣ್ಣಿಗಾಗಿ. ಹೀಗೆ ಮಾಡಿದರೆ ಹಣ್ಣು ಪಕ್ವವಾಗುವ ಹೊತ್ತು ಸರಿಯಾಗಿ ಚಳಿಗಾಲಕ್ಕೆ ಬರುತ್ತದೆ. ಇದೇ ಜಿಲ್ಲೆಯ ನಿಫಾಡದಲ್ಲಿ ಕೆಲವು ವರ್ಷ ರಾತ್ರಿಯ ಉಷ್ಣಮಾನ 5 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಬೇರೆ ದೇಶದವರು ಭೂಮಿಯ ಮೇಲೆ ತಂಪನ್ನು ಹುಡುಕಿಕೊಂಡು ಹೋದರೆ, ಇಲ್ಲಿಯವರು ಪಂಚಾಂಗದಲ್ಲಿ ಹುಡುಕಿದರು. ನಮ್ಮ ನಂದಿ ಬೆಟ್ಟದ ಮಗ್ಗುಲಲ್ಲಿ ದೊಡ್ಡಬಳ್ಳಾಪುರದ ಕಡೆ 1980ರ ದಶಕದ ಕೊನೆಗೆ ಕನ್ವಲ್ ಗ್ರೋವರ್ ಅವರು ಫ್ರೆಂಚ್ ಬಳ್ಳಿ ನೆಡಿಸಿದಾಗ ನಂಬಿದ್ದು ಅಲ್ಲಿಯ ಎತ್ತರವನ್ನು.

ಅವ್ವನಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ. ತಿಕೋಟಾದಲ್ಲಿಯೂ ಎರಡು ಚಾಟ್ನಿಯೇ. ಅವಳು ಕೇಳಿದ್ದು ಬೇರೆ.

"ಮಳಿ ಬಂದರ?"

"ಮಳಿ ಬಂದರ ಇಲ್ಲಿಯೂ ಕೆಡತಾವವ್ವಾ."

"ವ್ಯಾಪಾರಿ ಓಡಿಹೋದರ?"

ತಮ್ಮ ಸುಳ್ಳು ಹೇಳಲಿಲ್ಲ. ಈಗ ಅವರ ಕಾರ್ಖಾನೆ ಕೊಯ್ಲಿಗೆ ಮೊದಲೇ ದರ ಬರೆದುಕೊಟ್ಟು ಕರಾರು ಮಾಡಿಕೊಳ್ಳುತ್ತದೆ. ಹಣ್ಣಿನ ಸಕ್ಕರೆ ಅಳೆದು ಹಣ ಕೊಡುತ್ತದೆ. ಆದರೆ 2001ರಲ್ಲಿ ಮಹಾರಾಷ್ಟ್ರ ಸರ್ಕಾರ ವೈನಿಗೆ ಉತ್ತೇಜನ ಕೊಡುವ ಧೋರಣೆ ತಂದ ಮೇಲೆ ಕಂಡಕಂಡವರೆಲ್ಲ ಈ ಬಳ್ಳಿ ನೆಟ್ಟರು. 2008ರ ಆರ್ಥಿಕ ಮುಗ್ಗಟ್ಟಿನ ಮೇಲೆ ಕೊಳ್ಳುವವರಿಲ್ಲದೆ ಅನೇಕರು ಅದನ್ನು ಬುಡಸಹಿತ ಕಿತ್ತು ಹಾಕಿದರು. ತಿನ್ನುವ ಹಣ್ಣಾದರೆ ಪೇಟೆಯಲ್ಲಿ ಕೂತು ಮಾರಬಹುದು. ಇದನ್ನು ಕಾರ್ಖಾನೆ ಬೇಡವೆಂದರೆ ಯಾರಿಗೆ ಮಾರುವುದು? ಅವ್ವ ಕೇಳಿಸಿಕೊಂಡು, "ನಿಮ್ಮಪ್ಪಗ ಬರದುಕೊಡೋರು ಯಾರೂ ಇರಲಿಲ್ಲ" ಎಂದಳು. ಅಷ್ಟೇ.

ಕಾರ್ಖಾನೆಯ ಒಳಗೆ ಅವಳು ಬರುವುದಿಲ್ಲವೆಂದೇ ನಾವು ತಿಳಿದಿದ್ದೆವು. ಬಂದಳು, ಸೆರಗು ಮೂಗಿಗೆ ಹಿಡಿದುಕೊಂಡು ಬಂದಳು. ವಾಸನೆಯೇನೂ ಅಸಹ್ಯವಲ್ಲ, ಇಡ್ಲಿ ಹಿಟ್ಟು ಹುಳಿ ಬಂದಾಗಿನ ಪರಿಮಳಕ್ಕೆ ಹಣ್ಣಿನ ಪರಿಮಳ ಕೂಡಿದಂತೆ. ಬಿಳಿಯ ವೈನಿಗೆ ಹಣ್ಣನ್ನು ಕೂಡಲೇ ಹಿಂಡಿ, ಸಿಪ್ಪೆ ತೆಗೆದು, ರಸವನ್ನು ಮಾತ್ರ ಉಕ್ಕಿನ ದೊಡ್ಡ ಟಾಕಿಯಲ್ಲಿ ಹುಳಿಯಲು ಬಿಡುತ್ತಾರೆ. ಕೆಂಪಿಗೆ ಸಿಪ್ಪೆಯೂ ಜೊತೆಗೇ. ಬಣ್ಣವೂ ಒಗರೂ ಸಿಪ್ಪೆಯಲ್ಲಿಯೇ ಇರುವುದು. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುಳಿತರೆ ನೂರಕ್ಕೆ ಒಂದು ಪಾಲು ಮದ್ಯಸಾರ. ಟಾಕಿಯ ಸುತ್ತ ತಣ್ಣೀರಿನ ಅಂಗಿ ತೊಡಿಸಿ ಬಿಳಿಯ ರಸವನ್ನು ಹದಿನೈದು ಡಿಗ್ರಿಯ ಆಸುಪಾಸಿನಲ್ಲಿ ಇಟ್ಟಿರುತ್ತಾರೆ. ಬಳ್ಳಿಗೆ ಕೊಟ್ಟ ಚಳಿ ಸಾಲದೆಂದು ರಸಕ್ಕೂ ಚಳಿ!

ಪ್ರಯೋಗಶಾಲೆಯಲ್ಲಿ ತಮ್ಮನ ಮೇಜಿನ ಬಳಿ ಒಂದು ಬಕೆಟ್ ಇತ್ತು. ಅದೇನೆಂದು ಅವ್ವ ಕೇಳಿದಳು.

"ಉಗುಳೋದಕ್ಕವ್ವಾ."

"ಯಾರು?"

"ನಾನ. ಕೊಯ್ಲಿನಾಗ ದಿನಾ ನಲವತ್ತು ಟಾಕಿ ರುಚಿ ನೋಡಬೇಕು. ಬಾಯಾಗ ಹಾಕಿ, ನೋಡಿ, ಉಗುಳತೀನಿ. ನುಂಗಿದರ ಹನ್ನೊಂದಕ್ಕ ಮಲಗಬೇಕಾಗತೈತಿ."

ಅವ್ವ ಬಕೆಟ್ಟನ್ನೂ ಮಗನನ್ನೂ ಬಹಳ ಹೊತ್ತು ನೋಡಿದಳು. ಎರಡು ವರ್ಷ ಅವಳು ಮನಸ್ಸಿನಲ್ಲಿ ಏನೇನು ಕಲ್ಪಿಸಿಕೊಂಡಿದ್ದಳೋ ನಾವರಿಯೆವು. ನಾವಾದರೂ ಇದನ್ನು ಅವನಿಗೆ ಒಮ್ಮೆಯೂ ಕೇಳಿರಲಿಲ್ಲ ಎಂಬುದು ಆಗ ನೆನಪಾಗಿ ನಾಚಿಕೆಯಾಯಿತು.

ಊಟಕ್ಕೆ ಹಳ್ಳಿಯಲ್ಲಿಯ ಅವನ ಕೋಣೆಗೆ ಹೋದೆವು. ಅವ್ವ ಗಂಟು ಬಿಚ್ಚಿದಳು. ಜೋಳದ ಕಡಕ್ ರೊಟ್ಟಿ, ಬದನೆಕಾಯಿಯ ಎಣ್ಣೆಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಮೆಣಸಿನಕಾಯಿಯ ರಂಜಕ, ಗಟ್ಟಿ ಮೊಸರು, ಶೇಂಗಾ ಹೋಳಿಗೆ. ತಮ್ಮ ಅಂಜುತ್ತ ಅಂಜುತ್ತ ಮೂರು ಚಿಕ್ಕ ಬಾಟಲಿ ತೆಗೆದ. "ಅಣ್ಣಾ, ವೈನೀ, ಒಂದೊಂದು ಗುಟುಕು ನೋಡ್ರಿ, ಉಗುಳಿರಿ. ನನ್ನ ಕೆಲಸ ಏನಂತ ತಿಳೀಲಿ." ಅವ್ವ ಗೋಡೆಯ ಕಡೆ ತಿರುಗಿ ಕೂತಳು. ಅದನ್ನು ನಾವು ಸಮ್ಮತಿಯೆಂದು ಭಾವಿಸಿದೆವು.

ಮೊದಲು ಕೆಂಪು ಶಿರಾಜ್, ರಂಜಕದ ಜೊತೆ. ಬಾಯಿಯಲ್ಲಿ ಬೆಂಕಿ ಬಿದ್ದಿತು! ಮದ್ಯಸಾರ ಖಾರವನ್ನು ಕೆರಳಿಸುತ್ತದೆ, ಕೆಂಪಿನ ಒಗರು ಅದರ ಮೇಲೆ ಗೀರುತ್ತದೆ. ಇದನ್ನು ತೋರಿಸಲೆಂದೇ ಅವನು ಹಾಗೆ ಮಾಡಿದ್ದು. ಮುಂದೆ ಎಣ್ಣೆಗಾಯಿಯ ಜೊತೆ ಸ್ವಲ್ಪ ಸಿಹಿ ಉಳಿಸಿದ ಶೆನಿನ್ ಬ್ಲಾಂಕ್. ಅದರ ಹುಳಿ ಶೇಂಗಾದ ಜಿಡ್ಡನ್ನು ತೊಳೆಯಿತು, ಸಿಹಿ ಖಾರವನ್ನು ಹಿಡಿದು ಕೂರಿಸಿತು. ನಮ್ಮ ಮನೆಯ ಎಣ್ಣೆಗಾಯಿಯಲ್ಲಿ ಇಷ್ಟು ರುಚಿಗಳಿದ್ದವೇ ಎಂದು ಆಶ್ಚರ್ಯವಾಯಿತು. ಹೋಳಿಗೆಗೆ, ಬಳ್ಳಿಯ ಮೇಲೆಯೇ ಬಾಡಲು ಬಿಟ್ಟ ಹಣ್ಣಿನ ಸಿಹಿ ವೈನ್. ತಿಂಡಿಗಿಂತ ವೈನ್ ಹೆಚ್ಚು ಸಿಹಿಯಿರಬೇಕು, ಇಲ್ಲದಿದ್ದರೆ ಬರಿಯ ಹುಳಿಯಾಗಿ ತೋರುತ್ತದೆಯಂತೆ. ಮೊಸರಿಗೆ ಯಾವುದೂ ಹೊಂದಲಿಲ್ಲ. ಉಗುಳಿದೆವೇ ಎಂದರೆ, ಮೊದಲೆರಡನ್ನು ಉಗುಳಿದೆವು. ಮೂರನೆಯದರ ವಿಷಯ ಹಿರಿಯರು ಕೇಳಬಾರದು.

ಅಷ್ಟರಲ್ಲಿ ಅವ್ವನಿಗೆ ಬಿಕ್ಕಳಿಕೆ ಹತ್ತಿತು. ರಂಜಕ ಅವಳೇ ಅರೆದದ್ದು, ಅವಳಿಗೇ ಖಾರವಾಗಿತ್ತು. ಕ್ಯಾನಿನಲ್ಲಿ ನೀರು ಮುಗಿದಿತ್ತು. ತಮ್ಮ ಎದ್ದ, ಮೂಲೆಯ ಕೊಡದ ತನಕ ಹೋಗಿ ಅಲ್ಲಿಯೇ ನಿಂತ; ಕೊಡಲೋ ಬೇಡವೋ ಎಂದು ನಮ್ಮ ಮುಖ ನೋಡಿದ. ಅವ್ವ ತಾನೇ ಎದ್ದು ಹೋಗಿ, ಅವನ ಕೈಯ ತಂಬಿಗೆಯನ್ನು ಕಸಿದು, ಮುಳುಗಿಸಿ, ಗಟಗಟನೆ ಕುಡಿದಳು. ಆಮೇಲೆ ಕೊಡದ ಒಳಗೆ ಕೈಯಾಡಿಸಿ ನೋಡಿ,

"ಇದನ್ನ ಎಂದ ತಿಕ್ಕಿದಿ?" ಎಂದಳು.

ತಮ್ಮ ಸುಮ್ಮನಿದ್ದ.

ಕೊಡ ಅಂಗಳಕ್ಕೆ ಬಂತು. ಹುಣಸೆಹಣ್ಣು ಬಂತು. ಕೊಡದ ಹಿಂದೆ ಅವನ ತಟ್ಟೆ, ಪಾತ್ರೆ, ಸ್ಟೋವೂ ಬಂದವು. ಹೊತ್ತು ಮುಳುಗುವ ತನಕ ಅದು ನಡೆಯಿತು. ತ್ರ್ಯಂಬಕೇಶ್ವರ ಮರುದಿನಕ್ಕೆ ಹೋಯಿತು. ಆ ರಾತ್ರಿ ನಾವೆಲ್ಲರೂ ಅವನ ಕೋಣೆಯಲ್ಲಿಯೇ ಮಲಗಿದೆವು. ಬಹಳ ಚಳಿಯಿತ್ತು. ಇದ್ದ ಒಂದೇ ದಪ್ಪ ರಗ್ಗನ್ನು ಅವ್ವ ತಮ್ಮನಿಗೆ ಹೊದಿಸಿದಳು.