ಹುಟ್ಟುಹಬ್ಬ ಯಾರದು?

ಬೇರೆಯವರ ಮಾತು ನಂಬಿಯೇ ಒಪ್ಪಿಕೊಳ್ಳಬೇಕಾದ ದಿನವೆಂದರೆ ನಾವು ಹುಟ್ಟಿದ ದಿನ. ನೋವುಂಡವಳು ತಾಯಿ, ಬಾಗಿಲಾಚೆ ಕಾದವರು ಮನೆಯವರು. ಹುಟ್ಟಿದವರಿಗೆ ಅದರ ನೆನಪೇ ಇಲ್ಲ. ನಮ್ಮ ಮನೆಗಳ ಹುಟ್ಟುಹಬ್ಬದ ಪದ್ಧತಿಗಳು ಹೊರಗಿನವರಿಗೆ ವಿಚಿತ್ರವಾಗಿ ಕಾಣುವುದಕ್ಕೆ ಇದೇ ಕಾರಣವಿರಬೇಕು. ಅವು ಹುಟ್ಟಿದವರಿಗಿಂತ ಹೆಚ್ಚಾಗಿ, ಆ ದಿನವನ್ನು ನೆನಪಿಟ್ಟುಕೊಂಡವರಿಗೆ ಸೇರಿದವು. ನೆತ್ತಿಗೆ ಎಣ್ಣೆ ತಟ್ಟಿ ನೀರೆರೆಯುವುದು, ಮಣೆಯ ಮೇಲೆ ಕೂರಿಸಿ ಆರತಿ ಎತ್ತುವುದು, ಕೆಲವು ಮನೆಗಳಲ್ಲಿ ಮಾರ್ಕಂಡೇಯನನ್ನೂ ಏಳು ಮಂದಿ ಚಿರಂಜೀವಿಗಳನ್ನೂ ನೆನೆದು ಎಳ್ಳು ಬೆಲ್ಲ ಬೆರೆಸಿದ ಹಾಲು ಕುಡಿಸುವುದು, ಇವೆಲ್ಲಕ್ಕೂ ಇನ್ನೊಬ್ಬರ ಕೈ ಬೇಕು.

ದಿನವನ್ನು ಹಿಡಿಯುವುದಕ್ಕೂ ಇನ್ನೊಬ್ಬರು ಬೇಕು. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ. ಹಾಗಾಗಿ ಜನ್ಮತಿಥಿ ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತದೆ, ಅಧಿಕಮಾಸ ಬಂದಾಗ ಮುಂದಕ್ಕೆ ನೆಗೆಯುತ್ತದೆ. ತಿಥಿಯೂ ತಾರೀಖೂ ಹೆಚ್ಚುಕಡಿಮೆ ಮತ್ತೆ ಜೊತೆಯಾಗುವುದು 19 ವರ್ಷಕ್ಕೊಮ್ಮೆ. ಅಧಿಕಮಾಸದಲ್ಲೇ ಹುಟ್ಟಿದ ಮಗುವಿಗೆ ಮರುವರ್ಷ ಆ ಮಾಸವೇ ಇಲ್ಲ. ಅದೇ ಹೆಸರಿನ ನಿಜಮಾಸದಲ್ಲಿ ಹಬ್ಬ. (ಇಂಗ್ಲಿಷ್ ಕ್ಯಾಲೆಂಡರಿಗೂ ಈ ತೊಡಕು ತಪ್ಪಿದ್ದಲ್ಲ. 1896ರ ಫೆಬ್ರವರಿ 29ರಂದು ಹುಟ್ಟಿದ ಮೊರಾರ್ಜಿ ದೇಸಾಯಿಯವರ ತಾರೀಖು ಮೊದಲ ಸಲ ಮರಳಿ ಬಂದದ್ದು 1904ರಲ್ಲಿ. 1900ರಲ್ಲಿ ಆ ದಿನವೇ ಇರಲಿಲ್ಲ.) ಯುಗಾದಿಗೆ ಹೊಸ ಪಂಚಾಂಗ ಬಂದೊಡನೆ ಮನೆಮಂದಿಯ ತಿಥಿಗಳನ್ನೆಲ್ಲ ಹುಡುಕಿ ಗುರುತು ಹಾಕುವ ಅಜ್ಜಿಯ ಕೆಲಸವನ್ನು ನಾನು ಹಬ್ಬದ ಮೊದಲ ಭಾಗವೆಂದೇ ಎಣಿಸುತ್ತೇನೆ. ಈಗ ಫೋನೇ ತಿಥಿ ಹೇಳುತ್ತದಲ್ಲ ಎನ್ನಬಹುದು. ಹೇಳುತ್ತದೆ, ನಿಜ. ಆದರೆ ಮಗು ಹುಟ್ಟಿದ ಗಳಿಗೆಯಲ್ಲಿ ಇದ್ದ ತಿಥಿ ಯಾವುದೆಂದು ಅದಕ್ಕೆ ಮೊದಲು ತಿಳಿಸಬೇಕಾದವರು ಮನೆಯವರೇ.

ಪಂಚಾಂಗ ಇದ್ದ ಮನೆಗಳ ಮಾತಾಯಿತು, ಉಳಿದವರ ಗತಿ ಏನು ಎಂಬ ಆಕ್ಷೇಪಕ್ಕೆ ತೂಕವಿದೆ. ಮಾರ್ನಮಿ ಕಳೆದ ಮೂರನೇ ದಿನ, ಊರ ತೇರು ಎಳೆದ ದಿನ, ಕೆರೆ ಕೋಡಿ ಬಿದ್ದ ವರ್ಷ ಎಂದು ಎಷ್ಟೋ ತಾಯಂದಿರು ಲೆಕ್ಕ ಇಟ್ಟುಕೊಂಡಿದ್ದರು. ಅದೂ ಜೋಪಾನ ಮಾಡಿದ ನೆನಪೇ. ಶಾಲೆಯ ದಾಖಲಾತಿ ಪುಸ್ತಕಕ್ಕೆ ಮಾತ್ರ ಅದು ಸಾಲದೆ, ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡರು. ಜನನ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೂ ಮುಂಚೆ ಹುಟ್ಟಿದ ಅನೇಕರು ಕಾಗದದ ಮೇಲೆ ಒಂದೇ ದಿನ ಹುಟ್ಟಿದವರು. ಇನ್ನು ಗಂಡುಮಕ್ಕಳ ತಿಥಿಗೆ ಪಾಯಸ ಮಾಡಿ ಹೆಣ್ಣುಮಕ್ಕಳದನ್ನು ಮರೆತ ಮನೆಗಳೂ ಇದ್ದವು. ಅದಕ್ಕೆ ಸಮರ್ಥನೆಯಿಲ್ಲ. ನೆನಪಿಡುವ ಕೆಲಸವನ್ನೆಲ್ಲ ಹೆಂಗಸರಿಗೆ ಬಿಟ್ಟು, ಅವರು ಹುಟ್ಟಿದ ದಿನವನ್ನೇ ಯಾರೂ ನೆನಪಿಡದೆ ಹೋದದ್ದು ದೊಡ್ಡ ಅನ್ಯಾಯ.

ಬೆಳಿಗ್ಗೆ ದೀಪ ಹಚ್ಚಿ ಸಂಜೆ ಮೇಣದಬತ್ತಿ ಊದುವುದರಲ್ಲಿ ನನಗೆ ವಿರೋಧ ಕಾಣುವುದಿಲ್ಲ. ಕೇಕು ಗೆಳೆಯರಿಗೆ, ಆರತಿ ಮನೆಯವರಿಗೆ. ಹೆಚ್ಚು ಯೋಚಿಸಬೇಕಾದದ್ದು ಹೊರದೇಶದ ಕನ್ನಡ ಮನೆಗಳ ಪ್ರಶ್ನೆ. ತಿಥಿಯನ್ನು ಆಯಾ ಊರಿನ ಸೂರ್ಯೋದಯಕ್ಕೆ ನೋಡುವುದರಿಂದ, ಮೈಸೂರಿನ ಅಜ್ಜಿ ಹೇಳಿದ ದಿನಕ್ಕೂ ಕ್ಯಾಲಿಫೋರ್ನಿಯದ ಲೆಕ್ಕಕ್ಕೂ ಒಂದು ದಿನದ ಅಂತರ ಬೀಳಬಹುದು. ಶಾಸ್ತ್ರದ ಪ್ರಕಾರ ಮಗು ಇರುವ ಊರಿನ ಲೆಕ್ಕವೇ ಸರಿ. ಆದರೂ ಅಜ್ಜಿ ಹೇಳಿದ ದಿನವೇ ಎಳ್ಳುಹಾಲು ಮಾಡಲಿ ಎನ್ನುತ್ತೇನೆ: ಆ ಮಗುವಿನ ತಿಥಿಯನ್ನು ಯುಗಾದಿಯಿಂದಲೇ ಕಾದುಕೊಂಡು ಕೂತವಳು ಅವಳು.