ಮೂರನೇ ವರ್ಷಕ್ಕೆ ಸೀಟು ಕೇಳೋನ ಪ್ರಬಂಧ

ಅಕ್ಕನ ಮಗ ಕುಪರ್ಟಿನೋದ ಡಿ ಆಂಜಾ ಕಮ್ಯೂನಿಟಿ ಕಾಲೇಜಿನಲ್ಲಿದ್ದಾನೆ. ಬರ್ಕ್‌ಲಿಗೆ ಟ್ರಾನ್ಸ್‌ಫರ್ ಆಗ್ಲೇಬೇಕು ಅಂತ ಹಟ. ಈಗಷ್ಟೇ ಪ್ರಬಂಧ ಕಳಿಸಿದ, "ಚಿಕ್ಕಮ್ಮ, ಸ್ವಲ್ಪ ನೋಡಿ ಹೇಳಿ" ಅಂತ.

ಒಂದು ಉತ್ತರಕ್ಕೆ ಇರೋದೇ 350 ಪದದ ಮಿತಿ. ಅರ್ಧ ಜಾಗ ಚಿಕ್ಕಂದಿನಲ್ಲಿ ರಿಮೋಟ್ ಕಾರು ಬಿಚ್ಚಿ ಹಾಕಿದ ಕಥೆಗೆ! ಮಿಕ್ಕಿದ್ದು ಕ್ಲಬ್ಬು, ಸರ್ಟಿಫಿಕೇಟು. ಕೇಳಿರೋದೇ ಬೇರೆ ಮಾರಾಯ್ರೆ. ಬರ್ಕ್‌ಲಿ ಸೇರಿರೋ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಟ್ರಾನ್ಸ್‌ಫರ್‌ನವರು ನಾಲ್ಕು ಪ್ರಶ್ನೆಗೆ ಬರೀಬೇಕು. ಮೂರನ್ನ ನಾವೇ ಆರಿಸಿಕೊಳ್ಳಬಹುದು. ತಪ್ಪಿಸೋಕೆ ಆಗದ್ದು ಒಂದೇ, ಮುಖ್ಯ ವಿಷಯಕ್ಕೆ, ಅಂದ್ರೆ ಮೇಜರ್‌ಗೆ ಹೇಗೆ ತಯಾರಾಗಿದ್ದೀಯ ಅನ್ನೋದು.

ಹೈಸ್ಕೂಲಿಂದ ಹೋಗೋ ಹುಡುಗರು ಕನಸು ಹೇಳಿಕೊಂಡ್ರೆ ನಡೆಯುತ್ತೇನೋ. ನೇರ ಮೂರನೇ ವರ್ಷಕ್ಕೆ ಹೋಗಿ ಕೂರೋನು ಲೀನಿಯರ್ ಆಲ್ಜೀಬ್ರಾ ಮುಗಿಸಿದ್ದಾನಾ, ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಯಾವ ಗ್ರೇಡು ಬಂತು, ಯಾವ ಪ್ರಾಜೆಕ್ಟಲ್ಲಿ ಸಿಕ್ಕಿಹಾಕಿಕೊಂಡು ಹೇಗೆ ಬಿಡಿಸಿಕೊಂಡ, ಇದನ್ನಲ್ವಾ ಮೊದಲು ಹೇಳಬೇಕಾದ್ದು? ಕಾಲೇಜಿನ ಯಾವ ಕೋರ್ಸ್ ವಿಶ್ವವಿದ್ಯಾಲಯದ ಯಾವುದಕ್ಕೆ ಸಮ ಅಂತ ಅಸಿಸ್ಟ್ ಜಾಲತಾಣದಲ್ಲಿ ಕಾಲೇಜುವಾರು ಪುಕ್ಕಟೆ ಸಿಗುತ್ತೆ. ಅದನ್ನ ತೆಗೆದೂ ನೋಡದೆ ಕನ್ಸಲ್ಟೆಂಟ್‌ಗೆ ದುಡ್ಡು ಸುರಿಯೋರನ್ನ ಕಂಡ್ರೆ ನನಗಂತೂ ಮೈ ಉರಿಯುತ್ತೆ.

ಇನ್ನೊಂದು, ಇದೇ ವಿಶ್ವವಿದ್ಯಾಲಯದ ಡೇವಿಸ್, ಅರ್ವೈನ್ ಸೇರಿ ಆರು ಕ್ಯಾಂಪಸ್‌ಗಳಲ್ಲಿ ಷರತ್ತಿನ ಮೇಲೆ ಖಾತ್ರಿ ಪ್ರವೇಶದ ದಾರಿ ಇದೆ (ಎಲ್ಲ ಮೇಜರ್‌ಗೂ ಅಲ್ಲ). ಬರ್ಕ್‌ಲಿಗೆ ಆ ದಾರಿಯೇ ಇಲ್ಲ. ಆ ಆರರಲ್ಲಿ ಒಂದಕ್ಕೂ ಅರ್ಜಿ ಹಾಕಿಡು ಅಂದ್ರೆ ಇವನಿಗೆ ಅವಮಾನ!

ಕಮ್ಯೂನಿಟಿ ಕಾಲೇಜಿಂದ ದಾಟಿ ಬಂದೋರು ಇಲ್ಲಿ ಯಾರಾದ್ರೂ ಇದ್ದೀರಾ? ಆ ಕಡ್ಡಾಯ ಪ್ರಶ್ನೆಗೆ ಏನು ಬರೆದ್ರಿ, ಸ್ವಲ್ಪ ಹೇಳಿ.